ತೋಪಿನೊಳಗೊಂದು ಬಾಗಿಲು

ನಮ್ಮ ದೊಡ್ಡಪ್ಪ ಬಡಗಿ. ಊರಿನ ಅರ್ಧ ಮನೆಗಳಿಗೆ ಬಾಗಿಲು ಮಾಡಿಕೊಟ್ಟವರು. ಮೊದಲು ಚೌಕಟ್ಟು ನಿಲ್ಲಬೇಕು, ಗೋಡೆಯ ಮಾತು ಆಮೇಲೆ ಎನ್ನುವ ಜಾತಿಯ ಮನುಷ್ಯ. ವಯಸ್ಸಾದ ಮೇಲೆ ಅವರಿಗೆ ತಮ್ಮ ಪುಟ್ಟ ತೋಪಿನಲ್ಲಿ ಒಂದು ಶೆಡ್ ಕಟ್ಟುವ ಹುಚ್ಚು ಹಿಡಿಯಿತು. ಯೋಜನಾ ಕಚೇರಿಗೆ ಅರ್ಜಿ ಹಾಕಿದರು. ಅನುಮತಿ ಸಿಗುವವರೆಗೆ ಏನೂ ಕಟ್ಟಕೂಡದು ಎಂದು ಅಲ್ಲಿ ಹೇಳಿಯೇ ಕಳಿಸಿದ್ದರು. ಆದರೆ ದೊಡ್ಡಪ್ಪನ ಕೈ ಸುಮ್ಮನಿರಬೇಕಲ್ಲ.

ಜಾಗ ನೋಡಲು ಬಂದ ಮಹಿಳಾ ಅಧಿಕಾರಿಯನ್ನು ನಾನೇ ತೋಪಿಗೆ ಕರೆದುಕೊಂಡು ಹೋದೆ. ಮರಗಳ ನಡುವೆ ಚೌಕಟ್ಟು, ಚಿಲಕಗಳ ಸಮೇತ ಒಂದು ಬಾಗಿಲು ಒಂಟಿಯಾಗಿ ನಿಂತಿತ್ತು. ಅದರಾಚೆ ದೊಡ್ಡಪ್ಪ, ದೊಡ್ಡಮ್ಮ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

“ಏನ್ರೀ ಇದು, ಆಗಲೇ ಶುರು ಮಾಡ್ಬಿಟ್ಟಿದ್ದೀರಾ?” ಎಂದು ಅಧಿಕಾರಿ ಹುಬ್ಬು ಗಂಟಿಕ್ಕಿದರು.

“ಇದು ಬರೀ ಬಾಗಿಲು ಮೇಡಂ. ನಿಮ್ಮ ಅನುಮತಿ ಬೇಕಿರೋದು ಗೋಡೆಗೆ ತಾನೇ?” ಎಂದರು ದೊಡ್ಡಪ್ಪ.

“ಬೇಡ ಬೇಡ ಅಂತ ಬಡ್ಕೊಂಡೆ, ಕೇಳಿದ್ರೆ ತಾನೇ,” ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಅಧಿಕಾರಿ ಬಾಗಿಲಿಗೆ ಒಂದು ಸುತ್ತು ಬಂದು, ಮತ್ತೆ ಎದುರಿಗೆ ನಿಂತು, ಮೆಲ್ಲಗೆ ತಟ್ಟಿದರು.

“ಬನ್ನಿ, ಚಿಲಕ ಹಾಕಿಲ್ಲ,” ಎಂದರು ದೊಡ್ಡಪ್ಪ.

ಆಕೆ ಒಳಗೆ ಬಂದು ಚಹಾ ಕುಡಿದರು, ಟೇಪು ಹಿಡಿದು ಜಾಗ ಅಳೆದರು. “ಮರ ಒಂದೂ ಕಡಿಯಲ್ಲ ಅಂದ್ರೆ ನನ್ನ ತಕರಾರಿಲ್ಲ. ಅನುಮತಿ ಸಿಗುತ್ತೆ,” ಎಂದರು.

ನಾಲ್ಕೂ ಕಡೆ ಬಯಲಿದ್ದರೂ ಹೊರಡುವಾಗ ಬಾಗಿಲಿನಿಂದಲೇ ಹೊರಟರು. ಅಷ್ಟರಲ್ಲಿ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು.

“ಬಾಗಿಲು ಎಳ್ಕೊಂಡು ಹೋಗಮ್ಮ, ಒಳಗೆಲ್ಲ ಗಾಳಿ ನುಗ್ಗುತ್ತೆ.”