ಮೀನು ಹಸದಾವ ಅಂದವನು ನಾನು

ಶಾಂತವ್ವನ ಹೊಂಡದ ಮೀನುಗಳನ್ನು ಸಾಯಿಸಿದವನು ನಾನು. ಅವಳ ಮೈದುನ ಯಮನಪ್ಪನಲ್ಲ. ಈ ಎರಡು ಮಾತು ಬರೆಯಲು ಇಷ್ಟು ವರ್ಷ —

ಎಪ್ಪತ್ತರ ದಶಕ. ಪ್ರಾಣಿಶಾಸ್ತ್ರದ ಪದವಿ ಮುಗಿಸಿದ ಹೊಸತು. ಮುದ್ದೇಬಿಹಾಳದ ಸುತ್ತಿನ ಹಳ್ಳಿಗಳಲ್ಲಿ ಮೀನು ಸಾಕುವವರಿಗೆ ಸಲಹೆ ಹೇಳುವುದು ನನ್ನ ನೌಕರಿ. ಮಡಿಯ ಮನೆಯಲ್ಲಿ ಬೆಳೆದ ನನಗೆ ಮೀನಿನ ವಾಸನೆ ಸೇರುತ್ತಿರಲಿಲ್ಲ. ಅತ್ತರು ಹಚ್ಚಿದ ಕರವಸ್ತ್ರ ಮೂಗಿಗೆ ಹಿಡಿದು ಏರಿಯ ಮೇಲೆಯೇ ನಿಲ್ಲುತ್ತಿದ್ದೆ.

ಗಂಡ ತೀರಿಹೋದ ಮೇಲೆ ಶಾಂತವ್ವ ಹೊಲದ ಹೊಂಡದಲ್ಲಿ ಕಟ್ಲಾ ಮೀನಿನ ಮರಿ ಬಿಟ್ಟಿದ್ದಳು. ಬರೀ ಸಗಣಿ ಹಾಕುತ್ತಿದ್ದಾಗ ಅವು ನಿಧಾನವಾಗಿ ಬೆಳೆಯುತ್ತಿದ್ದವು. ನಾನು ಶೇಂಗಾ ಹಿಂಡಿ ಹಾಕಿಸಿದೆ. ಬೇಗ ಮೈ ತುಂಬಿಕೊಂಡವು. ಅಲ್ಲಿಂದ ನನ್ನ ಕಣ್ಣಿಗೆ ಹಿಂಡಿಯೊಂದೇ ಕಂಡಿತು, ನೀರು ಕಾಣಲಿಲ್ಲ.

ಯಮನಪ್ಪ ಏರಿಯ ಮೇಲೆ ಕೂತು ಕಾಡಿಸುತ್ತಿದ್ದ: "ನಮ್ಮ ಹುಡುಗ್ರಿಗಿಂತ ನಿಮ್ಮ ಮೀನಿಗೇ ಭಾರಿ ಊಟ ಐತಲ್ರಿ ವೈನಿ! ಒಂದಿನ ಹೊಟ್ಟಿ ಒಡದ ಸಾಯ್ತಾವ ನೋಡ್ರಿ."

"ನಿನ್ನ ಬಾಯಾಗ ಮಣ್ಣ ಹಾಕ," ಎಂದು ಅವಳೂ ನಗುತ್ತಿದ್ದಳು.

ಮೋಡ ಮುಚ್ಚಿ ಗಾಳಿ ನಿಂತಿದ್ದ ಒಂದು ಮುಂಜಾನೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

"ಹಿಂಗ್ಯಾಕ ಮಾಡಾಕತ್ತಾವ್ರಿ ಸಾಹೇಬ್ರ?"

ನಿಂತಲ್ಲಿಂದಲೇ ಹೇಳಿದೆ: "ಹಸದಾವ. ಹಿಂಡಿ ಇನ್ನಷ್ಟ ಹಾಕು, ಶಾಂತವ್ವ."

ಅವು ಹಸಿದಿರಲಿಲ್ಲ. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ನೀರಲ್ಲಿ ಉಸಿರೇ ಉಳಿದಿರಲಿಲ್ಲ. ಅವು ಗಾಳಿಗಾಗಿ ಬಂದಿದ್ದವು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ — ಅಥವಾ ನನ್ನನ್ನು ನಾನೇ ದಂಡಿಸಲು ಆಮೇಲೆ ಸೇರಿಸಿಕೊಂಡ ನೆನಪೋ ಅದು? ಗೊತ್ತಿಲ್ಲ. ಕರವಸ್ತ್ರ ಮಾತ್ರ ನಿಜ. ಅದನ್ನು ತೆಗೆದಿದ್ದರೆ ಆ ಕೊಳೆತ ನಾತವೇ ಹೇಳುತ್ತಿತ್ತು.

ಮರುದಿನ ಹೊಂಡದ ತುಂಬ ಬಿಳಿ ಹೊಟ್ಟೆಗಳು. ಯಮನಪ್ಪನ ತಮಾಷೆಯೇ ಅವನ ಮೇಲಿನ ಸಾಕ್ಷಿಯಾಯಿತು. ನೆರೆದವರ ಎದುರು ಶಾಂತವ್ವ ಅಂದಳು: "ನೀನ ಏನೋ ಹಾಕೀದಿ."

ಅವನು ನನ್ನ ಕಡೆ ತಿರುಗಿದ. "ನೀವರ ಹೇಳ್ರಿ, ಸಾಹೇಬ್ರ."

ಆಗ ಕರವಸ್ತ್ರ ನನ್ನ ಕೈಯಲ್ಲಿತ್ತು. ನಾತ ಮೂಗಿಗೆ ಬಡಿದಿತ್ತು. ಎಲ್ಲ ತಿಳಿದಿತ್ತು — ಇದರಲ್ಲಿ ನನ್ನ ನೆನಪು ನನಗೆ ಸುಳ್ಳು ಹೇಳುತ್ತಿಲ್ಲ. "ನೀರು ಪರೀಕ್ಷಾ ಮಾಡಿಸಬೇಕಾಗ್ತದ," ಅಂದೆ. ಮಾಡಿಸಲಿಲ್ಲ. ಅವರಿಬ್ಬರ ಅಂಗಳದ ನಡುವೆ ಗೋಡೆ ಎದ್ದಿತು. ನಾನು ಸಿಂದಗಿಗೆ ವರ್ಗ ಮಾಡಿಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ, ಹೇಳಿಬಿಡಬೇಕೆಂದೇ ಹೋದೆ. ಶಾಂತವ್ವ ಗುರುತು ಹಿಡಿದು ಚಹಾ ಕೊಟ್ಟಳು.

"ಯಮನಪ್ಪ ತೀರಿಹೋದ್ರಿ ಸಾಹೇಬ್ರ," ಎಂದಳು. "ನಾ ಮಣ್ಣಿಗೆ ಹೋಗ್ಲಿಲ್ಲ." ಮತ್ತೆ ತಾನೇ ಅಂದಳು: "ಅವ ಮಾಡಿದ್ದ ಹಂಗಿತ್ತು. ಅಲ್ಲೇನ್ರಿ?"

ಗೋಡೆಯ ಆಚೆ ಯಾರೋ ಕೆಮ್ಮಿದರು — ಅವನ ಹೆಂಡತಿ ಇರಬೇಕು. ನಾನು ಬಾಯಿ ತೆರೆದೆ. ಮುಚ್ಚಿದೆ. ಚಹಾ ಕುಡಿದು ಎದ್ದು ಬಂದೆ.