ಎರಡು ಬಗೆಯ ಕೂದಲು, ಒಂದು ಮೊಗ್ಗಿನ ಜಡೆ

ನನ್ನ ತಲೆಗೂದಲಿಗೆ ಸಂಬಂಧಿಸಿದಂತೆ ಕಳೆದ ವರ್ಷ ನಾನು ಅನುಭವಿಸಿದ ಭಯವನ್ನು, ಅದು ಆರಂಭವಾದ ಕ್ರಮದಲ್ಲಿಯೇ, ಓದುವವರ ಅವಗಾಹನೆಗೆ ತರಬಯಸುತ್ತೇನೆ. ವಿಷಯವು ಚಿಕ್ಕದೆಂದು ತೋರಬಹುದು. ನನಗೂ ಕೆಲವು ದಿನ ಹಾಗೆಯೇ ತೋರುತ್ತದೆ, ಕೆಲವು ದಿನ ತೋರುವುದಿಲ್ಲ.

ಹುಟ್ಟಿನಿಂದ ನನ್ನದು ಗುಂಗುರು ಕೂದಲು. ಮಳವಳ್ಳಿಯ ಶಾಲೆಯಲ್ಲಿ ಹಿಂದಿನ ಬೆಂಚಿನವರು ಅದರೊಳಗೆ ಸೀಮೆಸುಣ್ಣದ ಚೂರುಗಳನ್ನು ಸಿಕ್ಕಿಸುತ್ತಿದ್ದರು; ಸಂಜೆ ತಾಯಿಯವರು ಬಾಚುವಾಗ ಚೂರುಗಳು ಅವರ ಮಡಿಲಿಗೆ ಉದುರುವ ತನಕ ನನಗೆ ತಿಳಿಯುತ್ತಿರಲಿಲ್ಲ. ಉದ್ಯೋಗ ದೊರೆತ ತರುವಾಯ ಮಂಡ್ಯದ ಒಂದು ಬ್ಯೂಟಿ ಪಾರ್ಲರಿನಲ್ಲಿ ರಾಸಾಯನಿಕ ಕ್ರೀಮು ಹಚ್ಚಿಸಿ ಕೂದಲನ್ನು ನೇರ ಮಾಡಿಸಿಕೊಂಡೆನು. ಕ್ರೀಮು ತಾಗಿದ ಕೂದಲು ನೇರವಾಗಿಯೇ ಉಳಿಯುತ್ತದೆ, ಆದರೆ ಹೊಸದಾಗಿ ಬೆಳೆಯುವುದು ಹಳೆಯ ಸ್ವಭಾವದಲ್ಲಿಯೇ ಬರುತ್ತದೆ. ಆದಕಾರಣ ಆರೇಳು ತಿಂಗಳಿಗೊಮ್ಮೆ ಹೋಗಿ, ಬುಡಕ್ಕೆ ಮಾತ್ರ ಪುನಃ ಕ್ರೀಮು ಹಚ್ಚಿಸಿಕೊಳ್ಳಬೇಕು. ಪಾರ್ಲರಿನವರು ಇದನ್ನು ಟಚಪ್ ಎನ್ನುತ್ತಾರೆ. ಮದುವೆಯಾಗಿ ಮದ್ದೂರಿಗೆ ಬಂದ ಮೇಲೆಯೂ ಸದರಿ ಕ್ರಮವನ್ನು ತಪ್ಪದೆ ಪಾಲಿಸಿದೆನು. ಗಂಡನ ಮನೆಯವರಿಗೆಲ್ಲ ಇದು ತಿಳಿದಿತ್ತು, ಯಾರ ಆಕ್ಷೇಪಣೆಯೂ ಇರಲಿಲ್ಲ.

ಹೀಗಿರುವಲ್ಲಿ, ನನ್ನ ಮೊದಲನೆಯ ಗರ್ಭವು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರಲ್ಲಿ ಪಕ್ಕದ ಮನೆಯ ಹೆಂಗಸು ಒಬ್ಬರು. ಅವರು ನನ್ನ ಅತ್ತೆಯವರೊಡನೆ ಅಡುಗೆಮನೆಯಲ್ಲಿ ಮಾತನಾಡಿದ್ದು ನನಗೆ ಕೇಳಿಸಿತು.

“ತಲ್ಗೆ ಅಂತಾ ಔಸ್ದಿ ಆಕುಸ್ಕೊಂಡ್ರೆ ಒಟ್ಟೆಗೆ ಇಳಿಯಾಕಿಲ್ವಾ?”

“ಸುಮ್ಕಿರವ್ವ, ಮಲ್ಗವ್ಳೆ,” ಎಂದರು ಅತ್ತೆಯವರು.

ನಾನು ಮಲಗಿದ್ದೆನು, ನಿದ್ರಿಸಿರಲಿಲ್ಲ. ಮುಂದಿನ ಸಲ ಹೋದಾಗ ವೈದ್ಯರನ್ನು ವಿಚಾರಿಸಿದೆನು. ಇದು ಅನೇಕರಿಗೆ ಆಗುವುದುಂಟು, ನಿಮ್ಮ ತಪ್ಪೇನೂ ಇಲ್ಲ ಎಂದು ಅವರು ಸ್ಪಷ್ಟವಾಗಿ ತಿಳಿಸಿದರು. ಅವರ ಮಾತನ್ನು ನಾನು ನಂಬಿದೆನು. ಅಡುಗೆಮನೆಯ ಮಾತನ್ನೂ ನಂಬಿದೆನು.

ಎರಡನೆಯ ಬಾರಿ ಗರ್ಭ ನಿಂತಾಗ, ಹೆರಿಗೆಯಾಗುವವರೆಗೆ ತಲೆಗೆ ಯಾವ ಕ್ರೀಮನ್ನೂ ತಾಗಿಸಕೂಡದೆಂದು ತೀರ್ಮಾನಿಸಿದೆನು. ತೀರ್ಮಾನ ಸುಲಭವಾಗಿತ್ತು, ಕೂದಲು ಸುಲಭವಾಗಿರಲಿಲ್ಲ. ಬುಡದಲ್ಲಿ ಗುಂಗುರು ಎದ್ದು ನೆತ್ತಿಯು ಊದಿಕೊಂಡಂತೆ ಕಾಣತೊಡಗಿತು; ಕಿವಿಯಿಂದ ಕೆಳಗೆ ಮಾತ್ರ ಹಿಂದಿನಂತೆಯೇ ನುಣುಪಾಗಿ ಇಳಿಬಿದ್ದಿತ್ತು. ನಿರ್ವಹಣೆಯ ಬಗ್ಗೆ ಕೇಳುವ ಸಲುವಾಗಿ ಮಂಡ್ಯಕ್ಕೆ ಹೋದೆನು. ಪಾರ್ಲರಿನ ಒಡತಿಯವರು ಕೂದಲನ್ನು ಬಿಡಿಸಿ ನೋಡಿದರು.

“ಗುಂಗುರು ನಿಂತು ನೇರ ಶುರುವಾಗೋ ಜಾಗ ಇದೆಯಲ್ಲ ಮೇಡಂ, ಅದೇ ವೀಕು. ಎಳೆದ್ರೆ ಅಲ್ಲೇ ತುಂಡಾಗೋದು. ಬಿಗಿಯಾಗಿ ಕಟ್ಟಬೇಡಿ, ಒಣಗಿದ ಕೂದ್ಲು ಬಾಚಬೇಡಿ.”

ಅಂದಿನಿಂದ ನನ್ನ ಬೆಳಗು ಬದಲಾಯಿತು. ಕೂದಲನ್ನು ನೀರಿನಿಂದ ತೇವ ಮಾಡಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಬರುತ್ತಿದ್ದೆನು. ನೆತ್ತಿಗೆ ಲೋಳೆಸರದ ಲೋಳೆ ಸವರಿ, ಅದು ಒಣಗುವವರೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡರೆ ಊದಿದ್ದು ಸ್ವಲ್ಪ ಅಡಗುತ್ತಿತ್ತು. ರಬ್ಬರ್ ಬ್ಯಾಂಡಿನ ಬದಲು ಹಳೆಯ ರೇಷ್ಮೆ ರವಿಕೆಯಿಂದ ಹರಿದ ಪಟ್ಟಿಯಿಂದ ಸಡಿಲವಾಗಿ ಜಡೆಯ ತುದಿ ಕಟ್ಟುತ್ತಿದ್ದೆನು. ಮಳವಳ್ಳಿಯ ಕಚೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ, ಗಾಳಿಗೆ ಸಿಕ್ಕಾಗುವುದೆಂದು ಹೆದರಿ ನಿಂತೇ ಪ್ರಯಾಣಿಸಿದ್ದುಂಟು. ಬಸುರಿ ಹೆಂಗಸು ಸೀಟು ಬಿಟ್ಟು ನಿಂತದ್ದನ್ನು ಕಂಡು ಕಂಡಕ್ಟರರು ಎರಡು ಸಲ ತಿರುಗಿ ನೋಡಿದರು.

ಇಷ್ಟಾದರೂ ಕೂದಲು ಉದುರುತ್ತಿತ್ತು. ತಾನಾಗಿ ಬುಡದಿಂದ ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗಂಟು ಇರುತ್ತದೆ, ನಡುವೆ ಮುರಿದದ್ದಕ್ಕೆ ಇರುವುದಿಲ್ಲ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸೆರಗಿನ ಮೇಲೆ ಸಿಕ್ಕ ಪ್ರತಿಯೊಂದು ಎಳೆಯನ್ನೂ ಟ್ಯೂಬ್‌ಲೈಟಿಗೆ ಹಿಡಿದು ಪರಿಶೀಲಿಸುತ್ತಿದ್ದೆನು. ಗಂಟು ಕಂಡರೆ ಆ ದಿನ ಕೆಲಸ ಮಾಡಲು ಆಗುತ್ತಿತ್ತು. ಮುರಿದ ಎಳೆ ಕಂಡರೆ, ಕೂದಲಿನ ಬಗೆಗಿನ ಭಯವು ನೇರವಾಗಿ ಹೊಟ್ಟೆಯೊಳಗಿನ ಮಗುವಿನ ಬಗೆಗಿನ ಭಯವಾಗಿ ಮಾರ್ಪಡುತ್ತಿತ್ತು. ಒಂದು ಕಡೆ ಹಿಡಿತ ತಪ್ಪಿದರೆ ಇನ್ನೊಂದು ಕಡೆಯೂ ತಪ್ಪುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿತ್ತು. ಇದಕ್ಕೆ ಆಧಾರವಿಲ್ಲವೆಂಬುದು ನನಗೆ ಗೊತ್ತಿತ್ತು. ನನ್ನ ಯಜಮಾನರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ನೋಟು ಅಸ್ಲಿಯೋ ನಕ್ಲಿಯೋ ನೋಡ್ದಂಗೆ ನೋಡ್ತೀಯಲ್ಲ,” ಎಂದು ನಕ್ಕರು. ನಾನು ನಗಲಿಲ್ಲವಾದ್ದರಿಂದ ಅವರೂ ನಿಲ್ಲಿಸಿದರು.

ಏಳನೆಯ ತಿಂಗಳಲ್ಲಿ ಅತ್ತೆಯವರು ಸೀಮಂತದ ವಿಷಯ ಪ್ರಸ್ತಾಪಿಸಿದರು.

“ಮೊಗ್ಗಿನ್ ಜಡೆ ಆಕುಸ್ಬೇಕು ಕಣಮ್ಮಿ. ನಮ್ಮಕ್ಕುನ್ಗೆ ಏಳಿವ್ನಿ, ಬತ್ತಾಳೆ.”

ಅತ್ತೆಯವರ ಅಕ್ಕ, ಅಂದರೆ ನಮ್ಮ ದೊಡ್ಡತ್ತೆಯವರು, ಆತಗೂರಿನ ಕಡೆಯವರು. ಮದುವೆಗಳಲ್ಲಿ ಜಡೆ ಹೆಣೆಯಲು ಅವರನ್ನೇ ಕರೆಸುತ್ತಾರೆ. ಅವರ ಕೈಯ ಬಿಗಿಯೂ ಪ್ರಸಿದ್ಧವಾದದ್ದು. ಅವರಿಂದ ಜಡೆ ಹಾಕಿಸಿಕೊಂಡ ಹೆಣ್ಣು ಜಡೆ ಬಿಚ್ಚುವ ತನಕ ಕಣ್ಣು ಮುಚ್ಚಲಾರಳು ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ಮೊಗ್ಗಿನ ಜಡೆಯೆಂದರೆ ಮಲ್ಲಿಗೆ ಮೊಗ್ಗುಗಳನ್ನು ಪಟ್ಟಿಗೆ ಹೊಲಿದು ಜಡೆಯ ಉದ್ದಕ್ಕೂ ಬಿಗಿಯುವುದು. ಅದರ ಭಾರವೆಲ್ಲ ಗುಂಗುರು ನಿಂತು ನೇರ ಆರಂಭವಾಗುವ ಜಾಗಕ್ಕೇ ಬೀಳುತ್ತದೆ. ಶುಭಕಾರ್ಯದ ಮಣೆಯ ಮೇಲೆ, ಎಲ್ಲರ ಎದುರಿಗೆ, ನನ್ನ ಕೂದಲು ಕಿತ್ತು ಕೈಗೆ ಬಂದರೆ ನೋಡಿದವರು ಏನೆಂದುಕೊಳ್ಳುತ್ತಾರೆಂಬುದು ನನಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ನಾನೇ ಹಾಗೆ ಅಂದುಕೊಳ್ಳುತ್ತಿದ್ದೆನು. ಜಡೆ ಬೇಡ, ಹೂವಿನ ದಂಡೆ ಸಾಕೆಂದು ಅತ್ತೆಯವರಲ್ಲಿ ವಿನಂತಿಸಿದೆನು. ಕಾರಣವನ್ನು ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಡುವುದೆಂದು ಹೆದರಿ, ತಲೆನೋವು ಎಂದೆನು. ತಲೆನೋವಿಗೆ ಅವರು ಕಾಫಿ ಮಾಡಿ ಕೊಟ್ಟರು. ಜಡೆಯ ನಿರ್ಧಾರ ಬದಲಾಗಲಿಲ್ಲ.

ಸೀಮಂತದ ದಿನ ಬೆಳಗ್ಗೆಯಿಂದ ಮಗು ಅಲುಗಾಡಿರಲಿಲ್ಲ. ಇದನ್ನು ನಾನು ಯಾರಿಗೂ ತಿಳಿಸಲಿಲ್ಲ. ಹಸಿರು ಸೀರೆ ಉಡಿಸಿ ನಡುಮನೆಯಲ್ಲಿ ಕೂರಿಸಿದರು. ಎದುರಿಗೆ, ಬಳೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಅಂದು ಅಡುಗೆಮನೆಯಲ್ಲಿ ಮಾತನಾಡಿದ್ದ ಪಕ್ಕದ ಮನೆಯವರೇ ಕುಳಿತಿದ್ದರು. ದೊಡ್ಡತ್ತೆಯವರು ಹಿಂದೆ ಮಂಡಿಯೂರಿ ಕುಳಿತು ಕೂದಲನ್ನು ಕೈಗೆ ತೆಗೆದುಕೊಂಡರು.

“ಮೆತ್ತಗೆ, ದೊಡ್ಡತ್ತೆ. ಎಳೆದ್ರೆ ಕಿತ್ತೋಯ್ತದೆ,” ಎಂದೆನು.

“ಕಿತ್ತೋಗಕ್ಕೆ ಅದೇನ್ ದಂಟಿನ ಸೊಪ್ಪಾ? ಸುಮ್ಕೆ ಕೂತ್ಕ.” ಬೆರಳುಗಳು ನೆತ್ತಿಯಿಂದ ಕೆಳಗಿಳಿದು, ನಡುವೆ ಒಂದೆಡೆ ನಿಂತವು. “ಇದೇನಮ್ಮಿ ಇದು, ಮ್ಯಾಲೆ ಕುರಿ, ಕೆಳಗೆ ಕುದ್ರೆ?”

ಹೆಂಗಸರು ನಕ್ಕರು. ನಾನು ನೆಲದ ರಂಗೋಲಿಯನ್ನು ನೋಡುತ್ತಿದ್ದೆನು. ದೊಡ್ಡತ್ತೆಯವರ ಕೈ ತುಸು ಸಡಿಲವಾಯಿತು. ಆದರೆ ಮೊಗ್ಗಿನ ಪಟ್ಟಿಯನ್ನು ಸೇರಿಸಿ ದಾರ ಬಿಗಿಯುವಾಗ ಬಲ ಹಾಕದೆ ವಿಧಿಯಿರಲಿಲ್ಲ. ಎಡಗಿವಿಯ ಹಿಂದೆ ಏನೋ ಟಪ್ಪೆಂದು ಹರಿದ ಸದ್ದಾಯಿತು. ನೋವೇ ಆಗಲಿಲ್ಲ. ಆ ಜಾಗದಲ್ಲಿ ಭಾರ ಒಮ್ಮೆಲೇ ಇಲ್ಲವಾದದ್ದರಿಂದ, ಹರಿದದ್ದು ಕೂದಲೆಂದು ನನಗೆ ತಿಳಿಯಿತು. ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡೆನು.

“ಏನದು ಕಡ್ದಿದ್ದು?” ಎಂದರು ಪಕ್ಕದ ಮನೆಯವರು, ಕತ್ತು ಉದ್ದ ಮಾಡಿ.

“ದಾರ ಕಣವ್ವ,” ಎಂದರು ದೊಡ್ಡತ್ತೆ, ಒಂದಿಷ್ಟೂ ತಡಮಾಡದೆ. “ನಿಮ್ಮೂರಲ್ಲಿ ದಾರಕ್ಕೂ ಜೀವ ಇಲ್ಲ. ಓಗು, ಬ್ಯಾರೆ ಗಟ್ಟಿ ದಾರ ಇದ್ರೆ ನಿಮ್ಮನೆಯಿಂದ ತತ್ತಾ. ತಟ್ಟೆ ಅಲ್ಲೇ ಮಡ್ಗು.”

ಅವರು ಎದ್ದು ಹೋದರು. ದೊಡ್ಡತ್ತೆಯವರ ಎಡಗೈ ಮುಷ್ಟಿಯಾಗಿ, ಸೆರಗಿನ ಮರೆಯಲ್ಲಿ ಸೊಂಟದತ್ತ ಸರಿದು, ಬರಿದಾಗಿ ಹಿಂತಿರುಗಿದ್ದನ್ನು ನಾನು ಓರೆಗಣ್ಣಿನಿಂದ ಕಂಡೆನು. ಹೊಸ ದಾರ ಬರುವುದರೊಳಗೆ ಹಳೆಯ ದಾರದಲ್ಲೇ ಜಡೆ ಮುಗಿದಿತ್ತು. ಕಿವಿಯ ಹಿಂದಿನ ಜಾಗಕ್ಕೆ ಒಂದು ಮೊಳ ಕನಕಾಂಬರ ಸಿಕ್ಕಿಸಿದ್ದರು.

ಆರತಿಯಾಯಿತು, ಬಳೆ ತೊಡಿಸಿದರು, ಮಡಿಲು ತುಂಬಿದರು. ಇವಾವುವೂ ನನ್ನ ನೆನಪಿನಲ್ಲಿ ಸರಿಯಾಗಿ ಉಳಿದಿಲ್ಲ. ಸಂಜೆ ಹಿತ್ತಲಿನ ನಲ್ಲಿಯ ಬಳಿ ದೊಡ್ಡತ್ತೆಯವರು ಕಾಲು ತೊಳೆಯುತ್ತಿದ್ದಾಗ ಹತ್ತಿರ ಹೋದೆನು.

“ಎಷ್ಟು ಬಂತು, ದೊಡ್ಡತ್ತೆ?”

“ಬೆಳ್ಳು ದಪ್ಪ,” ಎಂದು ತೋರುಬೆರಳು ಎತ್ತಿ ತೋರಿಸಿದರು.

“ಏನೂ ಆಗಲ್ವಾ?”

“ಯಾರ್ಗೆ?”

ನಾನು ಹೊಟ್ಟೆಯ ಮೇಲೆ ಕೈಯಿಟ್ಟೆನು. ಅವರು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ನಂಗೆ ದಿನಾ ಬಾಚಣ್ಗೆ ತುಂಬಾ ಬತ್ತದೆ. ನಾಕು ಮಕ್ಕಳ್ನ ಎತ್ತಿವ್ನಿ, ನಾಕೂ ಬದುಕವೆ, ಬದುಕಿ ನನ್ ಪ್ರಾಣ ತಿಂತವೆ. ಕೂದ್ಲು ಕೂದ್ಲು ಕಣಮ್ಮಿ. ಓಗಿ ಉಣ್ಣೋಗು.”

ಉಂಡೆನು. ರಾತ್ರಿಯೂ ಅಲುಗಾಟ ತಿಳಿಯಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದು ಯಜಮಾನರನ್ನು ಎಬ್ಬಿಸಿದೆನು. ಅವರು ಬೈಕಿನ ಕೀಲಿಕೈ ಹುಡುಕುತ್ತಿರುವಾಗಲೇ ಮಗು ಪಕ್ಕೆಗೆ ಜೋರಾಗಿ ಒದೆಯಿತು. ಹಾಗಿದ್ದರೂ ಹೋಗಿ ತೋರಿಸಿಕೊಂಡು ಬಂದೆವು.

ಹೆಣ್ಣು ಮಗು ಜನಿಸಿ ಈಗ ಕೆಲವು ತಿಂಗಳಾಗಿವೆ. ನಾನು ಇನ್ನೂ ಕ್ರೀಮು ಹಚ್ಚಿಸಿಕೊಂಡಿಲ್ಲ, ನೇರವಾದ ಭಾಗವನ್ನು ಕತ್ತರಿಸಲೂ ಧೈರ್ಯ ಬಂದಿಲ್ಲ. ಬಾಣಂತನದಲ್ಲಿ ನೋಡಲು ಬಂದ ದೊಡ್ಡತ್ತೆಯವರು ಮಗುವಿಗೆಂದು ಒಂದು ಸಣ್ಣ ಸ್ಟೀಲ್ ಚೊಂಬು ತಂದಿದ್ದರು. ಆ ದಿನದ ಕೂದಲನ್ನು ಏನು ಮಾಡಿದಿರೆಂದು ಕೇಳಿದೆನು. ತಮ್ಮ ಉದುರಿದ ಕೂದಲಿನ ಉಂಡೆಗೆ ಸೇರಿಸಿ, ಕೂದಲಿಗೆ ಪಾತ್ರೆ ಕೊಡುವವನಿಗೆ ಹಾಕಿದರಂತೆ.

“ಇದೇ ಚೊಂಬು. ಚೌಕಾಸಿ ಮಾಡಿವ್ನಿ, ಲೋಟ ಕೊಡಕ್ಕೆ ನೋಡ್ದ,” ಎಂದರು.

ಅದನ್ನು ಒಳಗೆ ಇಟ್ಟುಕೊಳ್ಳಲು ನಾನು ಕೆಲವು ದಿನ ಹೆದರಿದೆನು. ಈಗ ಅದರಲ್ಲಿಯೇ ಮಗುವಿನ ತಲೆಗೆ ನೀರು ಹಾಕುತ್ತೇನೆ. ಒದ್ದೆಯಾದಾಗ ಅವಳ ಕೂದಲು ನೇರವಾಗಿ ನೆತ್ತಿಗೆ ಅಂಟಿಕೊಂಡಿರುತ್ತದೆ. ಒರೆಸಿ, ಬಿಸಿಲು ಬೀಳುವ ಕಡೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಮೊದಲು ಕಿವಿಯ ಹಿಂದೆ ಒಂದು ಎಳೆ ಏಳುತ್ತದೆ, ಸುತ್ತಿಕೊಳ್ಳುತ್ತದೆ. ಉಳಿದವು ಒಣಗುವ ತನಕ ನಾನು ನೋಡುತ್ತಿರುತ್ತೇನೆ. ಎಳೆದು ಬಾಚುವುದಿಲ್ಲ.