ಸೋಮವಾರದ ಗಿರಾಕಿ

ಮೊನ್ನೆ ಶಹಾಪುರದ ನಮ್ಮ ಗಲ್ಲಿಗೆ ಹೊಸದಾಗಿ ಬಂದ ದರ್ಜಿ ಹುಡುಗಿಗೆ ಅಳತೆಗೆಂದು ಹಳೆಯ ಕುಪ್ಪಸವೊಂದನ್ನು ಕೊಟ್ಟೆ. ಟ್ರಂಕಿನ ತಳದಲ್ಲಿ ಕೈಗೆ ಸಿಕ್ಕದ್ದನ್ನು ಹಿಡಿದುಕೊಂಡು ಹೋಗಿದ್ದೆ, ಸರಿಯಾಗಿ ನೋಡಿರಲಿಲ್ಲ. ಅವಳು ಅದನ್ನು ಹಲಗೆಯ ಮೇಲೆ ಹರವಿ ಟೇಪು ಹಿಡಿದಳು. ಮತ್ತೊಮ್ಮೆ ಹಿಡಿದಳು.

"ಅಮ್ಮಾರ, ಇದರ ಒಂದು ತೋಳು ಅರ್ಧ ಇಂಚು ಗಿಡ್ಡ ಅದರಿ. ಯಾರು ಹೊಲಿದಾರಿದನ್ನ? ಯಾವ ತೋಳಿನ ಅಳತಿ ಹಿಡೀಲಿ?"

ನಾನು ಕುಪ್ಪಸವನ್ನು ಹಲಗೆಯಿಂದ ಎತ್ತಿ ಮಡಚಿಕೊಂಡು ಮನೆಗೆ ಬಂದೆ. ಹುಡುಗಿ ನನ್ನನ್ನು ಮೂಗಿನ ತುದಿಯಲ್ಲಿ ಸಿಟ್ಟಿರುವ ಮುದುಕಿ ಎಂದುಕೊಂಡಿರಬೇಕು. ಸಿಟ್ಟಲ್ಲ. ಆ ಕುಪ್ಪಸ ಹೊಲಿದವಳು ಹೊಲಿಗೆಯಲ್ಲಿ ನಮ್ಮ ಸೀಮೆಯ ಯಾರಿಗೂ ಕಡಿಮೆಯಿರಲಿಲ್ಲ. ಆ ತಿಂಗಳು ಅವಳ ಕೈ ನಡುಗುತ್ತಿತ್ತು, ಅಷ್ಟೆ. ಕೈ ನಡುಗಿಸುತ್ತಿದ್ದ ಗುಳಿಗೆಯನ್ನು ಅವಳಿಗೆ ಮುಟ್ಟಿಸುತ್ತಿದ್ದವಳು ನಾನು.

ನನ್ನ ಆಗಿನ ಉದ್ಯೋಗದ ಬಗ್ಗೆ ಹೇಳದಿದ್ದರೆ ನಿಮಗೆ ಇದು ತಿಳಿಯುವುದಿಲ್ಲ. ಮನಸ್ಸಿನ ಕಾಯಿಲೆಯವರಿಗಾಗಿ ಒಂದು ಯೋಜನೆ ಶುರುವಾಗಿತ್ತು. ಮೊದಲ ಸಲ ಮತಿ ತಪ್ಪಿದವರನ್ನು, ಕಾಯಿಲೆ ಬೇರು ಬಿಡುವ ಮೊದಲೇ ಹುಡುಕಿ, ಒಬ್ಬೊಬ್ಬರ ಹಿಂದೆ ಒಬ್ಬೊಬ್ಬ ಕಾರ್ಯಕರ್ತರು ನಿಲ್ಲಬೇಕು ಎಂಬುದು ಅದರ ಆಶಯ. ಶಹಾಪುರ, ಸುರಪುರದ ಕಡೆ ಆ ಕೆಲಸ ನನ್ನದು. ಹದಿನೈದು ದಿನಕ್ಕೊಮ್ಮೆ ಡಾಕ್ಟರರು ಬರುತ್ತಿದ್ದರು. ಬಂದ ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ನೋಡವ್ವ, ಗುಳಿಗಿ ನಾ ಬರದು ಕೊಡ್ತೀನಿ. ಉಣ್ಣೋದು, ಮಲಗೋದು, ಮನಿ ಮಂದಿ, ಕೆಲಸ, ಇದೆಲ್ಲ ನಿಂದು. ಎರಡು ವರ್ಷ ಕೈ ಬಿಡಬ್ಯಾಡ. ಮೊದಲನೇ ಸಲನೇ ಹಿಡದ್ರ ಮನುಷ್ಯಾ ಉಳಿತಾನ."

ನಾನು ಈ ಮಾತನ್ನು ಬಹಳ ದೊಡ್ಡದಾಗಿ ತೆಗೆದುಕೊಂಡೆ. ನೀಲಿ ಬಣ್ಣದ ಚೀಲ, ಗೆರೆ ಎಳೆದ ನೋಟುಬುಕ್ಕು, ಅದರಲ್ಲಿ ಒಬ್ಬೊಬ್ಬರಿಗೆ ಹತ್ತು ಹಾಳೆ. ನಾಯಿಯ ಹೆದರಿಕೆಯೊಂದು ಇಲ್ಲದಿದ್ದರೆ ನನ್ನಂಥ ಕಾರ್ಯಕರ್ತೆ ಜಿಲ್ಲೆಯಲ್ಲೇ ಇರಲಿಲ್ಲ ಎಂದು ನಾನೇ ನಂಬಿದ್ದೆ. ನಾಯಿ ಬೊಗಳಿದರೆ ಮಾತ್ರ ನಾನು ಯಾರ ಮನೆಯ ಕಟ್ಟೆಯನ್ನಾದರೂ ಏರಿ ನಿಲ್ಲುತ್ತಿದ್ದೆ. ಮನೆಯವರೇ ಬಂದು ನಾಯಿ ಅಟ್ಟಿ ನನ್ನನ್ನು ಇಳಿಸಬೇಕಿತ್ತು.

ಕಾಲುವೆ ಬಂದು ಊರುಗಳ ಬಣ್ಣವೇ ಬದಲಾಗಿದ್ದ ಕಾಲ ಅದು. ಜೋಳ ನಿಲ್ಲುತ್ತಿದ್ದ ಕಪ್ಪು ಹೊಲಗಳಲ್ಲಿ ಮೊಣಕಾಲುದ್ದ ನೀರು, ಭತ್ತ. ಭತ್ತ ಬೆಳೆಯಲು ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು. ನಾಟಿಗೆ ಹೋಗುವ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡಿ, ಹೊಲಿಗೆ ಯಂತ್ರ ಇದ್ದವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಅಂಥ ಒಂದು ಊರಿನಲ್ಲಿ ದೇವಮ್ಮ ಇದ್ದಳು. ಗಂಡ ಸಾಬಣ್ಣ ಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿಯವನು. ಎರಡು ವರ್ಷದ ಮಗಳು ಭಾಗ್ಯ. ಅತ್ತೆ. ದೇವಮ್ಮನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ತವರು ಯಾದಗಿರಿ ಪಕ್ಕದ ಮುದನಾಳ.

ಆ ಊರಿನ ಆಶಾ ಕಾರ್ಯಕರ್ತೆ ಕರೆದಳೆಂದು ಹೋದೆ. ಸಾಬಣ್ಣ ಬಾಗಿಲಲ್ಲೇ ನಿಂತಿದ್ದ.

"ಮೂರು ವಾರ ಆತ್ರಿ ಅಕ್ಕಾರ. ಮಷಿನ್ ಮಾತಾಡ್ತದ ಅಂತಾಳ. ನೀರು ಕೊಟ್ರ ಕುಡಿವಲ್ಲಳು, ಕಾಲುವಿ ನೀರಿನಾಗ ಯಾರೋ ಏನೋ ಕಲಸ್ಯಾರ ಅಂತಾಳ. ದರ್ಗಾಕ್ಕ ಹೋಗಿ ಬಂದೇವಿ, ದೇವರಿಗೂ ಹೋಗಿ ಬಂದೇವಿ."

ದೇವಮ್ಮ ಯಂತ್ರದ ಮುಂದೆ ಕೂತಿದ್ದಳು. ಯಂತ್ರಕ್ಕೆ ಒಂದು ಹಚ್ಚಡ ಹೊದಿಸಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ಮಗುವಿನ ಬಾಯಿ ಮುಚ್ಚಿ ಹಿಡಿದವಳ ಹಾಗೆ. ನಾನು ಪಕ್ಕದಲ್ಲಿ ಕೂತೆ. ಮೆಲ್ಲಗೆ ಹೇಳಿದಳು: "ಒಂದೊಂದು ಹೊಲಿಗಿಗಿ ಒಂದೊಂದು ಮಾತು ಅಂತದ. ನನ್ನ ಹೆಸರು ಹಿಡಿದು ಅಂತದ. ಹೊಲಿಬ್ಯಾಡ ಅಂದ್ರ ಗಿರಾಕಿಗಿ ಏನು ಹೇಳಲಿ?"

ಮೂರೇ ವಾರ. ಅಷ್ಟು ಬೇಗ ಸಿಕ್ಕವರು ನನ್ನ ನೋಟುಬುಕ್ಕಿನಲ್ಲಿ ಇನ್ನೊಬ್ಬರಿರಲಿಲ್ಲ. ಮೂರು ವರ್ಷ, ಹತ್ತು ವರ್ಷ ಕಳೆದು, ಕಾಲಿಗೆ ಸರಪಳಿ ಬಿದ್ದ ಮೇಲೆ ಕಾಣಿಸುವವರೇ ಹೆಚ್ಚು. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನೀವು ತಪ್ಪು ತಿಳಿಯಬೇಡಿ. ಬೆಂಕಿ ಹತ್ತಿದ ಮನೆಗೆ ನೀರಿನ ಕೊಡ ಹೊತ್ತು ಸರಿಯಾದ ಹೊತ್ತಿಗೆ ಬಂದವಳ ಖುಷಿ ಅದು.

ಡಾಕ್ಟರರಿಗೆ ತೋರಿಸಿದೆವು. ಗುಳಿಗೆ ಶುರುವಾಯಿತು. ಒಂದು ಸೋಮವಾರ ಬಿಟ್ಟು ಒಂದು ಸೋಮವಾರ ನಾನು ಅವಳ ಮನೆಗೆ ಹೋಗಬೇಕು ಎಂದಾಯಿತು. ಎರಡನೆಯ ಸಲ ಹೋದಾಗ ತಲೆ ಸ್ವಲ್ಪ ತಿಳಿಯಾಗಿತ್ತೋ ಏನೋ, ನನ್ನ ನೀಲಿ ಚೀಲವನ್ನು ದಿಟ್ಟಿಸಿ ನೋಡಿ, "ಅಕ್ಕಾರ, ನೀವು ಬರೋದು ಬರ್ರಿ. ಯಾರರ ಕೇಳಿದ್ರ ಜಂಪರ್ ಹೊಲಿಸಾಕ ಬಂದೀನಿ ಅನ್ರಿ. ಇಷ್ಟು ಮಾಡ್ರಿ ನನಗ" ಎಂದಳು.

ಹೀಗೆ ನಾನು ಅವಳ ಗಿರಾಕಿಯಾದೆ. ಪ್ರತಿ ಸಲ ಚೀಲದಲ್ಲಿ ಕುಪ್ಪಸಕ್ಕೆಂದು ಒಂದು ತುಂಡು ಬಟ್ಟೆ. ಊರಿನ ಹೆಂಗಸರು, "ಅಕ್ಕಾರಿಗಿ ಏನು ಜಂಪರಿನ ಹುಚ್ಚೋ" ಎಂದು ನಗುತ್ತಿದ್ದರು. ಆ ಮಾತು ಕೇಳಿ ದೇವಮ್ಮ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕದ್ದು ಒಮ್ಮೆ ಉಂಟು. ಅಳತೆ ತೆಗೆಯುತ್ತ ಅವಳು ನಿದ್ದೆಯ ಲೆಕ್ಕ ಹೇಳುತ್ತಿದ್ದಳು, ಗುಳಿಗೆಯ ಲೆಕ್ಕ ಹೇಳುತ್ತಿದ್ದಳು. ಟೇಪು ನನ್ನ ಕೊರಳ ಸುತ್ತ ಇರುವಾಗ ಅವಳ ಬಾಯಿ ನನ್ನ ಕಿವಿಯ ಹತ್ತಿರ ಬರುತ್ತಿತ್ತು. ಬಾಗಿಲಲ್ಲಿ ನಿಂತವರಿಗೆ ಕೇಳುತ್ತಿರಲಿಲ್ಲ. ನಾನು ಕಲಿತ ಯಾವ ತರಬೇತಿಯಲ್ಲೂ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಅದು ಅವಳದೇ ಉಪಾಯ.

ಕೈ ನಡುಗತೊಡಗಿದಾಗ ಹೆದರಿದಳು. ಆ ಗಿಡ್ಡ ತೋಳಿನ ಕುಪ್ಪಸವನ್ನು ಬಿಚ್ಚಿ ಮತ್ತೆ ಹೊಲಿಯುತ್ತೇನೆ ಎಂದು ಹಟ ಮಾಡಿದಳು. ನಾನು ಕೊಡಲಿಲ್ಲ, ಹಾಗೇ ತೊಟ್ಟುಕೊಂಡೆ. ಡಾಕ್ಟರರು ಗುಳಿಗೆ ಬದಲಿಸಿ ಕೊಟ್ಟರು. ಐದನೆಯ ತಿಂಗಳಿಗೆ ಕೈಯ ನಡುಕ ನಿಂತಿತು. ಆ ಸೋಮವಾರ ಹೋದಾಗ ಯಂತ್ರ ಓಡುತ್ತಿತ್ತು, ಭಾಗ್ಯ ಕೆಳಗೆ ಬಿದ್ದ ಬಟ್ಟೆ ಚೂರುಗಳನ್ನು ಆರಿಸುತ್ತಿದ್ದಳು.

"ಈಗ ಏನು ಅಂತದ ಮಷಿನ್?" ಎಂದು ಕೇಳಿದೆ.

"ಬರೇ ಟಕ್ ಟಕ್ ಅಂತದ್ರಿ," ಎಂದಳು. ದಾರ ಕಚ್ಚಿ ಕತ್ತರಿಸಿ, "ಅದಕ ಜೀವಕ್ಕ ಹಗುರ ಅನಸ್ತದ. ಒಂದೀಟು ಒಬ್ಬಾಕಿನೇ ಆದಂಗನೂ ಅನಸ್ತದ."

ನಾನು ಮೊದಲರ್ಧವನ್ನಷ್ಟೇ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಇಷ್ಟು ವರ್ಷವಾದರೂ ಸಲೀಸಾಗುವುದಿಲ್ಲ. ಮಳೆ ಹಿಡಿದಿತ್ತು. ರಸ್ತೆಯಿಂದ ಊರಿಗೆ ಎರಡು ಮೈಲು ಕೆಸರು. ಹಿಂದಿನ ಸಲ ಅದೇ ಹಾದಿಯಲ್ಲಿ ಎರಡು ನಾಯಿಗಳು ನನ್ನನ್ನು ಕಾಲುವೆ ಏರಿಯ ಮೇಲೆ ಬಹಳ ಹೊತ್ತು ನಿಲ್ಲಿಸಿದ್ದವು. ಯೋಜನೆಗೆ ಹೊಸದಾಗಿ ಜೀಪು ಬಂದಿತ್ತು. ಡ್ರೈವರ್, "ಬರ್ರಿ ಮೇಡಮ್ಮಾರ, ಮನಿ ಮುಂದನೇ ಬಿಡ್ತೀನಿ" ಎಂದ. ನಾನು ಹತ್ತಿ ಕೂತೆ. ಜೀಪಿನ ಎರಡೂ ಬದಿಗೆ ದಪ್ಪ ಅಕ್ಷರದಲ್ಲಿ ಯೋಜನೆಯ ಹೆಸರು ಬರೆಸಿದ್ದರು, ಅದರಲ್ಲಿ 'ಮಾನಸಿಕ ರೋಗ' ಎಂಬುದು ಎಲ್ಲಕ್ಕಿಂತ ದಪ್ಪ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ. ಸೀರೆ ಒದ್ದೆಯಾಗದೆ ಇಳಿಯುವ ಆಸೆಗೆ ಅದನ್ನು ಆ ಕ್ಷಣ ನೆನೆಯಲಿಲ್ಲ.

ಜೀಪು ದೇವಮ್ಮನ ಮನೆ ಮುಂದೆ ನಿಂತಿತು. ಮಳೆಗೆ ಹೊಲಕ್ಕೆ ಹೋಗದೆ ಇಡೀ ಓಣಿ ಮನೆಯಲ್ಲೇ ಇತ್ತು. ಶಾಲೆಯ ಮಕ್ಕಳು ಜೀಪಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದವು. ದೇವಮ್ಮ ಬಾಗಿಲಿಗೆ ಬಂದು ಅದನ್ನು ಕೇಳಿಸಿಕೊಂಡಳು. ಅವತ್ತು ಅವಳು ಅಳತೆ ತೆಗೆಯಲಿಲ್ಲ. ನಾನು ಕೊಟ್ಟ ಬಟ್ಟೆಯನ್ನು ಮುಟ್ಟಲೂ ಇಲ್ಲ.

ಯಾರೂ ಬಯ್ಯಲಿಲ್ಲ, ಕಲ್ಲು ಎಸೆಯಲಿಲ್ಲ. ಬಟ್ಟೆ ತರುವುದನ್ನು ಒಬ್ಬೊಬ್ಬರಾಗಿ ಬಿಟ್ಟರು, ಅಷ್ಟೇ. ಹೊಲಿಯಲು ಕೊಟ್ಟಿದ್ದನ್ನು ಹಾಗೇ ವಾಪಸು ಒಯ್ದರು. ಆ ಕಾಯಿಲೆಯವಳ ಕೈಗೆ ಕತ್ತರಿ ಯಾಕೆ ಎಂಬ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿ ಅತ್ತೆಯ ಕಿವಿಗೆ ಬಂತು. ಅತ್ತೆ ಕತ್ತರಿ ತೆಗೆದಿಟ್ಟಳು. ಆಮೇಲೆ ಭಾಗ್ಯಳನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡಳು. ಆಮೇಲೆ, ಸ್ವಲ್ಪ ದಿನ ತವರಿಗೆ ಹೋಗಿ ಸುಧಾರಿಸಿಕೊಂಡು ಬರಲಿ ಎಂದಳು. ಸಾಬಣ್ಣ ಕೆಟ್ಟವನಲ್ಲ. ತಲೆ ತಗ್ಗಿಸಿ ಬಸ್ಸಿಗೆ ಹತ್ತಿಸಿ ಬಂದ. ಯಂತ್ರ ಗಂಡನ ಮನೆಯಲ್ಲೇ ಉಳಿಯಿತು, ಮಗುವೂ.

ಮುದನಾಳ ಯಾದಗಿರಿ ತಾಲೂಕು, ನನ್ನ ಗಡಿಯಲ್ಲ. ಅಲ್ಲಿಯ ಕಾರ್ಯಕರ್ತೆಗೆ ಒಪ್ಪಿಸಬೇಕು ಎಂದರು ನಮ್ಮ ಕಚೇರಿಯವರು. ಅಲ್ಲಿಯ ಜಾಗ ಖಾಲಿ ಇತ್ತು. ಹೇಳಿದೆ. "ಕಡತ ಕಳಿಸ್ರಿ, ಯಾರರ ಬಂದ್ರ ನೋಡ್ತಾರ" ಎಂದರು. ಹತ್ತು ಹಾಳೆಯನ್ನು ಚೆಂದವಾಗಿ ಪ್ರತಿ ಮಾಡಿ ಕಳಿಸಿದೆ. ಕೆಲಸ ಮುಗಿಸಿದವಳ ಹಾಗೆ ಮುಂದಿನ ಹೆಸರಿಗೆ ಹೋದೆ. ಕೈ ಬಿಡಬ್ಯಾಡ ಎಂದ ಡಾಕ್ಟರರಿಗೂ ಅಷ್ಟರಲ್ಲಿ ವರ್ಗವಾಗಿತ್ತು.

ಹನ್ನೊಂದು ವಾರ ನಾನು ಅತ್ತ ಹೋಗಲಿಲ್ಲ. ಒಂದು ಭಾನುವಾರ, ರಜೆಯ ದಿನ, ಯಾರಿಗೂ ಹೇಳದೆ ಭೀಮಾ ಸೇತುವೆ ದಾಟಿ ಮುದನಾಳಕ್ಕೆ ಹೋದೆ. ತಾಯಿ ಶರಣವ್ವ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು.

"ಗುಳಿಗಿ ಎರಡು ತಿಂಗಳಿಂದ ಬಿಟ್ಟಾಳವ್ವ," ಎಂದಳು. "ನುಂಗಾಕಿ ಹುಚ್ಚಿ ಅಂತಾರ, ನುಂಗಲಿಲ್ಲಂದ್ರ ಹುಚ್ಚಿ ಅಲ್ಲ, ಆಗ ಮಗಳನ್ನ ಕೊಡ್ತಾರ ಅಂದ್ಲು. ನನಗೂ ಖರೇನ ಅನಿಸ್ತು. ನಾ ಏನು ಓದಿದಾಕಿ ಏನು?"

ಒಳಗೆ ದೇವಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಹೆಸರು ಹಿಡಿದು ಕರೆದೆ. ತಿರುಗಿದಳು. ಗುರುತು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

"ನಿಮ್ಮ ಜೀಪು ಇನ್ನೂ ಹೋಗಿಲ್ರಿ," ಎಂದಳು. "ನನ್ನ ತಲಿಯಾಗನೇ ನಿಂತಾದ. ಹಗಲೆಲ್ಲ ಹುಡುಗ್ರು ಓದ್ತಾವ."

ಮತ್ತೆ ಆಸ್ಪತ್ರೆ, ಮತ್ತೆ ಗುಳಿಗೆ. ಎರಡನೆಯ ಸಲ ಕಾಯಿಲೆ ಬೇಗ ಬಿಟ್ಟುಕೊಡಲಿಲ್ಲ. ಆರು ತಿಂಗಳಾಯಿತು, ವರ್ಷವಾಯಿತು. ಮಾತು ಕೇಳಿಸುವುದು ಕಡಿಮೆಯಾಯಿತು, ಅದರ ಜೊತೆಗೆ ಅವಳೂ ಕಡಿಮೆಯಾದಳು. ಹೊಲಿಗೆಯ ಮಾತೆತ್ತಿದರೆ ಸುಮ್ಮನೆ ನೋಡುತ್ತಿದ್ದಳು. ಸಾಬಣ್ಣ ಒಮ್ಮೆ ಮಗಳನ್ನು ಕರೆದುಕೊಂಡು ಬಂದಿದ್ದ. ಮಗು ಅಪ್ಪನ ಕಾಲು ಬಿಡಲಿಲ್ಲ. ಮರುವರ್ಷ ಅವನಿಗೆ ಬೇರೆ ಮದುವೆಯಾಯಿತು. ಆಮೇಲೆ ಯೋಜನೆಯೂ ಮುಗಿಯಿತು. ನಮ್ಮ ವರದಿಯಲ್ಲಿ ದೇವಮ್ಮ ಬೇಗ ಪತ್ತೆಯಾದವರ ಸಾಲಿನಲ್ಲಿದ್ದಾಳೆ. ಆ ಸಾಲು ಬರೆದವಳು ನಾನೇ.

ಅವಳನ್ನು ಕೆಡಿಸಿದ್ದು ಕಾಯಿಲೆಯೇ ಹೊರತು ನೀನಲ್ಲ, ಜೀಪು ಬರದಿದ್ದರೂ ಒಂದಲ್ಲ ಒಂದು ದಿನ ಜನಕ್ಕೆ ತಿಳಿಯುತ್ತಿತ್ತು ಎಂದು ತಿಳಿದವರು ಸಮಾಧಾನ ಹೇಳಿದ್ದಾರೆ. ಇರಬಹುದು. ಆದರೆ ಹನ್ನೊಂದು ವಾರ ನಾನು ಹೋಗದೆ ಉಳಿದದ್ದಕ್ಕೆ ಯಾವ ಕಾಯಿಲೆಯ ಹೆಸರನ್ನೂ ಇಡಲು ಬರುವುದಿಲ್ಲ. ಬೇಗ ಬಂದೆವು ಎಂದು ಹೆಮ್ಮೆಪಟ್ಟವಳು ನಾನು. ಬೇಗ ಬರುವುದು ಸುಲಭದ ಕೆಲಸವಾಗಿತ್ತು.

ನಾನು ನಿವೃತ್ತಳಾಗಿ ಬಹಳ ದಿನವಾಯಿತು. ಶರಣವ್ವ ಹೋದ ಮೇಲೆ ದೇವಮ್ಮ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಊಟ ಕೊಡುತ್ತಾರೆ, ಹೊಡೆಯುವುದಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ಅವರಿಗೆ ಪುರುಸೊತ್ತಿಲ್ಲ. ತಿಂಗಳಿಗೊಮ್ಮೆ ನಾನು ಹೋಗುತ್ತೇನೆ. ಕುಪ್ಪಸ ವಾಪಸು ತಂದ ಮರುದಿನವೇ ನಾನು ಹೋಗುವ ದಿನವಿತ್ತು. ಹೋದೆ. ದೇವಮ್ಮನ ಕೂದಲು ನರೆತಿದೆ. ಯಾದಗಿರಿಯ ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದಳು. ನಾನು ನಿಂತರೆ ಅವಳೂ ನಿಂತಳು. ಮೊದಲೆಲ್ಲ ನಾನು ಏನಾದರೂ ಕೇಳುತ್ತಲೇ ಇರುತ್ತಿದ್ದೆ: ನಿದ್ದೆ ಬಂತೇ, ಊಟ ಸೇರಿತೇ, ಮಗಳ ನೆನಪಾಗುತ್ತದೆಯೇ. ಅವತ್ತು ಏನೂ ಕೇಳಲಿಲ್ಲ. ಅವಳು ಇನ್ನು ಮೊದಲಿನಂತಾಗುತ್ತಾಳೆ ಎಂದು ನಾನು ಕಾಯುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಬಿಟ್ಟಿದ್ದೇನೆ ಎಂಬುದು ಆ ಹಾದಿಯಲ್ಲಿ ತಿಳಿಯಿತು.

ಚೀಟಿ ಬರೆಯುವ ಕಿಟಕಿಯಲ್ಲಿ ಹೊಸ ಗುಮಾಸ್ತ ಕೂತಿದ್ದ. ದೇವಮ್ಮನ ಹೆಸರು, ಊರು ಬರೆದುಕೊಂಡು, ತಲೆ ಎತ್ತದೆ ಕೇಳಿದ: "ಜೋಡಿ ಬಂದವರು ಪೇಶಂಟಿಗಿ ಏನಾಗಬೇಕ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದೇವಮ್ಮನ ದನಿ ಬಂತು. ಆ ದನಿ ನಾನು ಕೇಳಿ ಎಷ್ಟು ತಿಂಗಳಾಗಿತ್ತೋ.

"ಏನೂ ಆಗಬೇಕಿಲ್ರಿ," ಎಂದಳು. "ಬರ್ತಾರ."

ಗುಮಾಸ್ತ 'ಸಂಬಂಧ' ಎಂಬ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಎಳೆದು ಚೀಟಿ ನನ್ನ ಕೈಗೆ ಕೊಟ್ಟ.